ಉಚಿತ ತರಬೇತಿಯ ಹಣದ ದಾರಿ: ಕೊಯಮತ್ತೂರು, ತಿರುಪ್ಪೂರು

ಕಿರಿಯರು: ಕೆಲಸದ ತರಬೇತಿ ಪೂರ್ತಿ ಉಚಿತ ಎನ್ನುವ ಸ್ವಯಂಸೇವಾ ಸಂಸ್ಥೆಗೆ ಎರಡು ಜಿಲ್ಲೆಗಳಲ್ಲಿ ಹಣ ಕೂಡಿಸುವ ಹೊಣೆ ಹೊತ್ತವರಿಗೆ ಮೊದಲು ಗೊತ್ತಿರಬೇಕಾದದ್ದು ಯಾವುದು?

ಹಿರಿಯರು: ಖರ್ಚು. ದಾನಿಗಳ ಹೆಸರು ಆಮೇಲೆ. ಕಲಿಯುವವರು ಕೊಡದ ಹಣವನ್ನು ಬೇರೆ ಯಾರೋ ಕೊಟ್ಟಿರುತ್ತಾರೆ. ಕಟ್ಟಡದ ಬಾಡಿಗೆ, ಕಲಿಸುವವರ ಸಂಬಳ, ಹೊಲಿಗೆ ಯಂತ್ರಕ್ಕೆ ದಾರ ಮತ್ತು ಬಟ್ಟೆ, ಲೇಥಿಗೆ ಕಬ್ಬಿಣ, ಕರೆಂಟು, ಮಧ್ಯಾಹ್ನದ ಊಟ, ಬಸ್ ಚಾರ್ಜು, ಇವೆಲ್ಲ ಸೇರಿ ಒಬ್ಬರಿಗೆ ಎಷ್ಟಾಗುತ್ತದೆ ಎಂಬುದನ್ನು ಬಾಯಲ್ಲೇ ಹೇಳಲಾಗದವರು ಯಾರ ಬಾಗಿಲಿಗೂ ಹೋಗಬಾರದು.

ಕಿರಿಯರು: ಒಟ್ಟು ಖರ್ಚನ್ನು ಸೇರಿದವರ ಸಂಖ್ಯೆಯಿಂದ ಭಾಗಿಸಿದರೆ ಆಯಿತಲ್ಲ?

ಹಿರಿಯರು: ಅಲ್ಲೇ ತಪ್ಪುವುದು. ಲೆಕ್ಕಕ್ಕಾಗಿ ಒಂದು ತಂಡ ಎಂದಿಟ್ಟುಕೊಳ್ಳೋಣ. 30 ಮಂದಿ ಸೇರುತ್ತಾರೆ, ಒಂದೂವರೆ ತಿಂಗಳ ತರಬೇತಿ, ಒಟ್ಟು ಖರ್ಚು 4.5 ಲಕ್ಷ ರೂಪಾಯಿ. ಸೇರಿದವರಿಂದ ಭಾಗಿಸಿದರೆ ತಲೆಗೆ 15,000. ಆದರೆ ಕೊನೆಯವರೆಗೆ ನಿಂತವರು 24 ಎಂದಾದರೆ ತಲೆಗೆ 18,750. ಆರು ತಿಂಗಳಾದ ಮೇಲೂ ಕೆಲಸದಲ್ಲಿ ಉಳಿದವರು 18 ಎಂದಾದರೆ ತಲೆಗೆ 25,000. ಮೂರೂ ಅಂಕಿಗಳು ನಿಜವೇ. ದಾನಿಯ ಮುಂದೆ ಇಡಬೇಕಾದದ್ದು ಮಾತ್ರ ಮೂರನೆಯದು. ಅವರು ಹಣ ಕೊಡುತ್ತಿರುವುದು ಹಾಜರಿ ಪುಸ್ತಕಕ್ಕಲ್ಲ, ಕೈಗೆ ಬಂದ ಕೆಲಸಕ್ಕೆ.

ತಿರುಪ್ಪೂರಿನಲ್ಲಿ ಈ ಮಾತಿಗೆ ಇನ್ನೂ ಹೆಚ್ಚು ತೂಕ. ಅಲ್ಲಿ ಬನಿಯನ್ ಕಂಪನಿ ನಡೆಸುವವರು ಒಂದು ಟೀ ಶರ್ಟಿನ ನೂಲು, ನೇಯ್ಗೆ, ಬಣ್ಣ, ಕಟಿಂಗ್, ಹೊಲಿಗೆ, ಚೆಕಿಂಗ್, ಪ್ಯಾಕಿಂಗ್ ಎಲ್ಲದರ ದರವನ್ನೂ ಪೈಸೆ ಲೆಕ್ಕದಲ್ಲಿ ಬಲ್ಲವರು. ಡ್ಯಾಮೇಜ್ ತೆಗೆದ ಮೇಲೆ ಉಳಿದ ಪೀಸಿನ ಮೇಲೆಯೇ ಅವರ ಲಾಭ ನಿಂತಿರುತ್ತದೆ. ಕಡಿಮೆ ಅಂಕಿ ತೋರಿಸಿದರೆ ಅವರಿಗೆ ಸಂತೋಷವಾಗುವುದಿಲ್ಲ, ಅನುಮಾನ ಬರುತ್ತದೆ.

ಕಿರಿಯರು: ಖರ್ಚಿನ ಪಟ್ಟಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ಯಾವುದು?

ಹಿರಿಯರು: ಕಲಿಯುವವರು ಕಳೆದುಕೊಳ್ಳುವ ಕೂಲಿ. ಇದು ಈ ಸೀಮೆಗೆ ವಿಶೇಷವಾದ ತೊಡಕು. ಕೆಲಸವೇ ಸಿಗದ ಊರಿನಲ್ಲಿ ಉಚಿತ ತರಬೇತಿ ಎಂದರೆ ಜನ ಬರುತ್ತಾರೆ. ತಿರುಪ್ಪೂರಿನಲ್ಲಿ ಏನೂ ಬಾರದವರಿಗೂ ಸೋಮವಾರ ಹೆಲ್ಪರ್ ಕೆಲಸ ಸಿಗುತ್ತದೆ, ಶನಿವಾರ ಸಂಬಳ ಕೈಗೆ ಬರುತ್ತದೆ. ಒಂದೂವರೆ ತಿಂಗಳು ಕೂತು ಕಲಿಯುವುದೆಂದರೆ ಆರು ಶನಿವಾರಗಳ ಸಂಬಳ ಬಿಟ್ಟಂತೆ. ಮನೆ ಬಾಡಿಗೆ ಕಟ್ಟಬೇಕಾದ ಹೆಂಗಸಿಗೆ, ಒಡಿಶಾ ಬಿಹಾರಗಳಿಂದ ಬಂದು ಊರಿಗೆ ಹಣ ಕಳಿಸಬೇಕಾದ ಹುಡುಗನಿಗೆ ಅದು ಸಾಧ್ಯವಿಲ್ಲದ ಮಾತು. ಓವರ್‌ಲಾಕ್ ಯಂತ್ರ ಓಡಿಸಲು ಬಂದರೆ ಕೂಲಿ ಏರುತ್ತದೆ ಎಂದು ಅವರಿಗೂ ಗೊತ್ತು. ಏರುವವರೆಗೆ ಹೊಟ್ಟೆ ಕಾಯುವುದಿಲ್ಲ.

ಹಾಗಾಗಿ ದಿನಭತ್ಯೆಯನ್ನು ಖರ್ಚಿನೊಳಗೇ ಸೇರಿಸಬೇಕು, ಇಲ್ಲವೇ ಸಂಜೆಯ ತರಗತಿ, ಭಾನುವಾರದ ತರಗತಿ ನಡೆಸಬೇಕು. ಭತ್ಯೆ ಕೇಳಿದಾಗ ‘ಪುಕ್ಕಟೆ ಕಲಿಸಿ ಮೇಲೆ ದುಡ್ಡೂ ಕೊಡಬೇಕೇ’ ಎಂದು ಹುಬ್ಬೇರಿಸುವ ದಾನಿಗಳಿದ್ದಾರೆ. ಅವರಿಗೆ ಈ ಆರು ಶನಿವಾರಗಳ ಲೆಕ್ಕವನ್ನು ತಾಳ್ಮೆಯಿಂದ ಹೇಳಬೇಕು. ಅದನ್ನು ಹೇಳದೆ ಕೂಡಿಸಿದ ಹಣದಿಂದ ನಡೆಯುವ ಕೇಂದ್ರಕ್ಕೆ, ಕೂಲಿ ಬಿಡಲು ಶಕ್ತಿ ಇರುವವರು ಮಾತ್ರ ಬರುತ್ತಾರೆ. ಯಾರಿಗಾಗಿ ಕೇಂದ್ರ ತೆರೆದದ್ದೋ ಅವರು ಹೊರಗೇ ಉಳಿಯುತ್ತಾರೆ.

ಕಿರಿಯರು: ಈ ಪ್ರದೇಶದಲ್ಲಿ ಕೆಲಸ ಕಲಿಸಲು ಹಣ ಕೊಡುವ ರೂಢಿ ಹಿಂದಿನಿಂದ ಇದೆಯೇ, ಅಥವಾ ಕಂಪನಿಗಳ ಸಾಮಾಜಿಕ ಹೊಣೆಯ (ಸಿಎಸ್‌ಆರ್) ಕಾನೂನು ಬಂದ ಮೇಲೆ ಶುರುವಾದದ್ದೇ?

ಹಿರಿಯರು: ಕಾನೂನಿಗಿಂತ ಬಹಳ ಹಳೆಯದು. ಕೊಯಮತ್ತೂರಿನಲ್ಲಿ 1888ರಲ್ಲಿ ಸ್ಟೇನ್ಸ್ ಮಿಲ್ ಬಂತು. 1930ರ ದಶಕದ ಆರಂಭದಲ್ಲಿ ಪೈಕಾರ ಜಲವಿದ್ಯುತ್ ಬಂದ ಮೇಲೆ ಮಿಲ್ಲುಗಳೂ ಅವುಗಳ ಬೆನ್ನಿಗೆ ಯಂತ್ರ ರಿಪೇರಿ ಮಾಡುವ ಕಾರ್ಖಾನೆಗಳೂ ಬೆಳೆದವು. ಕೆಲಸ ಬಲ್ಲ ಕೈಗಳು ಬೇಕಾದವು. ಪಿ.ಎಸ್. ಗೋವಿಂದಸ್ವಾಮಿ ನಾಯ್ಡು ಅವರ ನಾಲ್ವರು ಮಕ್ಕಳು ಆಸ್ತಿ ಹಂಚಿಕೊಂಡಾಗ ಐದು ಪಾಲು ಮಾಡಿ, ಐದನೆಯ ಪಾಲನ್ನು ಧರ್ಮಕ್ಕೆ ಇಟ್ಟರು. 1926ರಲ್ಲಿ ಪಿಎಸ್‌ಜಿ ಅಂಡ್ ಸನ್ಸ್ ಚಾರಿಟೀಸ್ ಹುಟ್ಟಿದ್ದು ಹಾಗೆ. ಅದರ ಇಂಡಸ್ಟ್ರಿಯಲ್ ಇನ್‌ಸ್ಟಿಟ್ಯೂಟ್ ಕಲಿಕೆಯನ್ನೂ ಯಂತ್ರ ತಯಾರಿಕೆಯನ್ನೂ ಒಂದೇ ಸೂರಿನಡಿ ತಂದಿತು. 1930ರಲ್ಲಿ ಟಿ.ಎಸ್. ಅವಿನಾಶಿಲಿಂಗಂ ಅವರು ಶುರುಮಾಡಿದ ರಾಮಕೃಷ್ಣ ಮಿಷನ್ ವಿದ್ಯಾಲಯ ಪೆರಿಯನಾಯಕನ್‌ಪಾಳಯದಲ್ಲಿ ಇಂದಿಗೂ ಕೈಕೆಲಸದ ಶಿಕ್ಷಣ ಕೊಡುತ್ತಿದೆ. ಉದ್ಯಮಿ ಜಿ.ಡಿ. ನಾಯ್ಡು ಅವರ ಕೊಡುಗೆಯಿಂದ 1945ರ ಹೊತ್ತಿಗೆ ಆರ್ಥರ್ ಹೋಪ್ ಹೆಸರಿನ ತಾಂತ್ರಿಕ ಶಾಲೆ ತೆರೆಯಿತು. ವರ್ಷಗಟ್ಟಲೆ ಕೂರಿಸದೆ ಕಡಿಮೆ ಅವಧಿಯಲ್ಲಿ ಕೆಲಸ ಕಲಿಸಬಹುದು ಎಂಬುದು ನಾಯ್ಡು ಅವರ ಗಟ್ಟಿ ನಂಬಿಕೆಯಾಗಿತ್ತು.

ಈ ಚರಿತ್ರೆ ಹಣ ಕೇಳುವವರಿಗೆ ಕೆಲಸಕ್ಕೆ ಬರುತ್ತದೆ. ಕೊಯಮತ್ತೂರಿನ ಹಳೆಯ ಮನೆತನಗಳಲ್ಲಿ ತರಬೇತಿಗೆ ಕೊಡುವುದು ಹೊರಗಿನಿಂದ ಬಂದ ಪಾಠವಲ್ಲ.

ಕಿರಿಯರು: ಕನ್ನಡನಾಡಿನ ಅನುಭವದಿಂದ ಇಲ್ಲಿಗೆ ತರಬಹುದಾದದ್ದು?

ಹಿರಿಯರು: ಬಹಳ ದೊಡ್ಡದು, ಮತ್ತು ಅದು ಈಗಾಗಲೇ ಬಂದಿದೆ. 1982ರಲ್ಲಿ ಉಜಿರೆಯಲ್ಲಿ ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳ್ತನದಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಮೂರೂ ಸೇರಿ ರುಡ್‌ಸೆಟ್ ಸಂಸ್ಥೆ ಕಟ್ಟಿದವು. ಹಳ್ಳಿಯ ಯುವಕ ಯುವತಿಯರಿಗೆ ಊಟ ವಸತಿ ಸಹಿತ ಉಚಿತ ತರಬೇತಿ, ಅಲ್ಪ ಕಾಲದ ಕಲಿಕೆ, ಆಮೇಲೆ ದೀರ್ಘ ಕಾಲದ ಬೆಂಬಲ. ಸ್ವಂತ ಉದ್ಯೋಗಕ್ಕೆ ಬ್ಯಾಂಕ್ ಸಾಲದ ದಾರಿಯನ್ನೂ ತೋರಿಸುವುದು ಅದರ ಜೀವಾಳ. ಕೇಂದ್ರ ಸರ್ಕಾರ ಇದನ್ನೇ ಮಾದರಿಯಾಗಿ ಹಿಡಿದು 2009ರಿಂದ ಜಿಲ್ಲೆಗೊಂದು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ (ಆರ್‌ಸೆಟಿ) ತೆರೆಯುವ ಯೋಜನೆ ಮಾಡಿತು. ಕಟ್ಟಡಕ್ಕೆ ಕೇಂದ್ರದ ನೆರವು, ಜಾಗಕ್ಕೆ ರಾಜ್ಯ, ನಡೆಸುವ ಹೊಣೆ ಸಾಮಾನ್ಯವಾಗಿ ಜಿಲ್ಲೆಯ ಅಗ್ರಣಿ ಬ್ಯಾಂಕಿನದು. ಕೊಯಮತ್ತೂರು, ತಿರುಪ್ಪೂರು ಎರಡೂ ಜಿಲ್ಲೆಗಳ ಅಗ್ರಣಿ ಬ್ಯಾಂಕ್ ಕೆನರಾ ಬ್ಯಾಂಕ್. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಹುಟ್ಟುಹಾಕಿದ ಬ್ಯಾಂಕು ನೊಯ್ಯಲ್ ನದಿಯ ದಡದಲ್ಲಿ ಈ ಕೆಲಸದ ಮುಂದಾಳು ಆಗಿರುವುದು ಕನ್ನಡಿಗರು ಹೆಮ್ಮೆಪಡಬೇಕಾದ ವಿಷಯ.

ರುಡ್‌ಸೆಟ್‌ನಿಂದ ಕಲಿಯಬೇಕಾದದ್ದು ಹಣದ ಏರ್ಪಾಡು. ಅಲ್ಲಿ ಹಣ ಕೊಟ್ಟವರು ಯಾರೂ ಕಲಿತವರ ಮುಂದಿನ ಮಾಲೀಕರಾಗಿರಲಿಲ್ಲ. ಬ್ಯಾಂಕಿಗೆ ಬೇಕಾದದ್ದು ತನ್ನ ಕಾಲ ಮೇಲೆ ನಿಂತು ಸಾಲ ತೀರಿಸುವ ಒಬ್ಬ ಗ್ರಾಹಕ. ಕಲಿತವರ ಒಳಿತೂ ಕೊಟ್ಟವರ ಒಳಿತೂ ಒಂದೇ ದಿಕ್ಕಿನಲ್ಲಿದ್ದವು. ಕೊಯಮತ್ತೂರು, ತಿರುಪ್ಪೂರಿನಲ್ಲಿ ಸಂಬಳದ ಕೆಲಸಕ್ಕೆ ತರಬೇತಿ ಕೊಡುವ ಸಂಸ್ಥೆಗೆ ಈ ಅನುಕೂಲವಿಲ್ಲ. ಇಲ್ಲಿ ಹಣ ಕೊಡಬಲ್ಲವರೂ ಕಾರ್ಮಿಕರು ಬೇಕಾದವರೂ ಒಬ್ಬರೇ.

ಕಿರಿಯರು: ಆ ತೊಡಕಿಗೆ ಬರುವ ಮುಂಚೆ ಒಂದು ಪ್ರಶ್ನೆ. ಕೊಡಬಲ್ಲವರು ಯಾರು ಯಾರು? ಸಿಎಸ್‌ಆರ್ ನಿಧಿಯಿಂದಲೇ ಎಲ್ಲ ಸರಿದೂಗುವುದಿಲ್ಲವೇ?

ಹಿರಿಯರು: ಸರಿದೂಗುವುದಿಲ್ಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ನಿವ್ವಳ ಮೌಲ್ಯ 500 ಕೋಟಿ, ಅಥವಾ ವಹಿವಾಟು 1,000 ಕೋಟಿ, ಅಥವಾ ನಿವ್ವಳ ಲಾಭ 5 ಕೋಟಿ, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಉದ್ಯೋಗ ಕೌಶಲ ಕಲಿಸುವುದು ಕಾಯ್ದೆಯ ಏಳನೇ ಅನುಸೂಚಿಯಲ್ಲಿದೆ. ಕಂಪನಿ ತಾನು ಇರುವ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಎಂಬ ಮಾತೂ ಇದೆ. ಕೊಯಮತ್ತೂರಿನ ದೊಡ್ಡ ಯಂತ್ರ ಕಂಪನಿಗಳು, ಪಂಪ್ ಕಂಪನಿಗಳು, ಆಸ್ಪತ್ರೆಗಳು, ತಿರುಪ್ಪೂರಿನ ಮುಂಚೂಣಿಯ ರಫ್ತುದಾರರು ಇದರೊಳಗೆ ಬರುತ್ತಾರೆ.

ಆದರೆ ಈ ಎರಡು ಜಿಲ್ಲೆಗಳ ಉದ್ಯಮದ ಮೈಕಟ್ಟೇ ಬೇರೆ. ಪೀಳಮೇಡು, ಗಣಪತಿ ಕಡೆಯ ಚಿಕ್ಕ ಲೇಥ್ ವರ್ಕ್‌ಶಾಪುಗಳು, ಫೌಂಡ್ರಿಗಳು, ವೆಟ್ ಗ್ರೈಂಡರ್ ತಯಾರಕರು, ಸೋಮನೂರು ಪಲ್ಲಡಂ ಸೂಲೂರಿನ ಪವರ್‌ಲೂಮ್‌ಗಳು, ತಿರುಪ್ಪೂರಿನ ಓಣಿಗಳಲ್ಲಿ ಹತ್ತಿಪ್ಪತ್ತು ಯಂತ್ರ ಇಟ್ಟುಕೊಂಡು ಜಾಬ್ ವರ್ಕ್ ಮಾಡುವ ಘಟಕಗಳು. ಇವರಲ್ಲಿ ಹೆಚ್ಚಿನವರು ಪಾಲುದಾರಿಕೆ ಸಂಸ್ಥೆಗಳು ಅಥವಾ ಒಬ್ಬರದೇ ಮಾಲೀಕತ್ವದವು. ಕಂಪನಿ ಕಾಯ್ದೆ ಅವರನ್ನು ಮುಟ್ಟುವುದೇ ಇಲ್ಲ. ಸಿಎಸ್‌ಆರ್ ಒಂದನ್ನೇ ನಂಬಿದವರು ಊರಿನ ಉದ್ಯಮದ ಬಹುಪಾಲಿಗೆ ಬೆನ್ನು ಹಾಕಿದಂತೆ.

ಕಿರಿಯರು: ಅಷ್ಟು ಚಿಕ್ಕ ಚಿಕ್ಕ ಘಟಕಗಳ ಬಾಗಿಲು ತಟ್ಟುವುದು ಆಗುವ ಕೆಲಸವೇ?

ಹಿರಿಯರು: ಒಂದೊಂದಾಗಿ ಆಗದು, ಸಂಘಗಳ ಮೂಲಕ ಆಗುತ್ತದೆ. ಈ ಸೀಮೆಯಷ್ಟು ಬಲವಾದ ಉದ್ಯಮ ಸಂಘಗಳು ಬೇರೆಡೆ ಕಡಿಮೆ. ಮಿಲ್ ಮಾಲೀಕರ ಸೈಮಾ 1933ರದು, ಸಣ್ಣ ಕೈಗಾರಿಕೆಗಳ ಕೊಡಿಸಿಯಾ 1969ರದು, ತಿರುಪ್ಪೂರು ರಫ್ತುದಾರರ ಸಂಘ 1990ರದು. ಒಟ್ಟಾಗಿ ಹಣ ಹಾಕಿ ಸಂಸ್ಥೆ ಕಟ್ಟುವುದು ಇವರಿಗೆ ಹೊಸತಲ್ಲ. ಜವಳಿ ಸಂಶೋಧನೆಯ ಸಿಟ್ರಾ ಉದ್ಯಮದ ಬೆಂಬಲದಿಂದ ಬೆಳೆದದ್ದು. ತಿರುಪ್ಪೂರಿನ ಹೆಣಿಗೆ ಉಡುಪಿನ ವಿನ್ಯಾಸ ಕಾಲೇಜಿನ ಹಿಂದೆ ರಫ್ತುದಾರರ ಸಂಘವೇ ಇದೆ. 2003ರಲ್ಲಿ ಕೊಯಮತ್ತೂರಿನ ಉದ್ಯಮಿಗಳೂ ನಾಗರಿಕರೂ ಸೇರಿ ನೊಯ್ಯಲ್ ನದಿ, ಕೆರೆಗಳ ಉಳಿವಿಗಾಗಿ ಸಿರುತುಳಿ ಶುರುಮಾಡಿದರು. ತಮಿಳಿನಲ್ಲಿ ಸಣ್ಣ ಹನಿ ಎಂಬ ಆ ಹೆಸರೇ ಹಣ ಕೂಡಿಸುವ ದಾರಿಯನ್ನೂ ಹೇಳುತ್ತದೆ.

ಸಂಘದ ಪದಾಧಿಕಾರಿಗಳು ಒಪ್ಪಿದರೆ ಸದಸ್ಯರು ತಿಂಗಳಿಗೆ ಇಷ್ಟು ಎಂದು ಬರೆದುಕೊಡುವ ಪದ್ಧತಿ ಮಾಡಬಹುದು. ತಿಂಗಳಿಗೆ 1,000 ರೂಪಾಯಿ ಕೊಡುವ 300 ಘಟಕಗಳೆಂದರೆ ವರ್ಷಕ್ಕೆ 36 ಲಕ್ಷ. ಆ ಮೊದಲ ಉದಾಹರಣೆಯ ಲೆಕ್ಕದಲ್ಲಿ ಎಂಟು ತಂಡಗಳ ಖರ್ಚು. ಒಂದು ದೊಡ್ಡ ಕಂಪನಿಯಿಂದ ಒಂದೇ ಚೆಕ್ಕಿನಲ್ಲಿ 36 ಲಕ್ಷ ಬಂದರೂ ಅಷ್ಟೇ ತಂಡ ನಡೆಯುತ್ತವೆ ನಿಜ. ಆ ಒಂದು ಕಂಪನಿ ಮುಂದಿನ ವರ್ಷ ಬೇರೆ ಕೆಲಸಕ್ಕೆ ತಿರುಗಿದರೆ ಎಂಟೂ ನಿಲ್ಲುತ್ತವೆ. 300ರಲ್ಲಿ 40 ಘಟಕಗಳು ಬಿಟ್ಟುಹೋದರೆ ನಿಲ್ಲುವುದು ಒಂದು, ಹೆಚ್ಚೆಂದರೆ ಎರಡು.

ಕಿರಿಯರು: ಎರಡು ಜಿಲ್ಲೆಗಳನ್ನು ಒಂದೇ ವಲಯವಾಗಿ ಹಿಡಿಯಬೇಕೇ? ತಿರುಪ್ಪೂರು 2009ರಲ್ಲೇ ಬೇರೆ ಜಿಲ್ಲೆಯಾಯಿತಲ್ಲ.

ಹಿರಿಯರು: ಆಡಳಿತಕ್ಕೆ ಬೇರೆ, ಹಣಕ್ಕೆ ಒಂದೇ ಆಗಿರುವುದು ಒಳ್ಳೆಯದು. ತಿರುಪ್ಪೂರು ಹೆಚ್ಚುಕಡಿಮೆ ಒಂದೇ ಸರಕಿನ ಮೇಲೆ ನಿಂತ ಊರು. ದೇಶದ ಹತ್ತಿ ಹೆಣಿಗೆ ಉಡುಪಿನ ರಫ್ತಿನ ಬಹುಪಾಲು ಅಲ್ಲಿಂದಲೇ. ಆ ಸರಕಿಗೆ ಪೆಟ್ಟು ಬಿದ್ದರೆ ದಾನವೂ ಕುಸಿಯುತ್ತದೆ. 2011ರ ಜನವರಿಯಲ್ಲಿ ನೊಯ್ಯಲ್ ಮಾಲಿನ್ಯದ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್ ಬಣ್ಣ ಹಾಕುವ ಘಟಕಗಳನ್ನು ಮುಚ್ಚಿಸಿದಾಗ, 2020ರ ಲಾಕ್‌ಡೌನ್‌ನಲ್ಲಿ, 2025ರ ಆಗಸ್ಟ್ 27ರಿಂದ ಅಮೆರಿಕ ಭಾರತದ ಸರಕಿನ ಮೇಲೆ ಒಟ್ಟು ಶೇ 50ರಷ್ಟು ಸುಂಕ ಹೇರಿದಾಗ ಆ ಊರಿನ ಉಸಿರೇ ಕಟ್ಟಿತು. ಕೊಯಮತ್ತೂರಿನಲ್ಲಿ ಪಂಪು, ಯಂತ್ರದ ಬಿಡಿಭಾಗ, ಆಸ್ಪತ್ರೆ, ಕಾಲೇಜು, ಸಾಫ್ಟ್‌ವೇರ್ ಎಲ್ಲ ಇವೆ. ಎಲ್ಲಕ್ಕೂ ಒಟ್ಟಿಗೆ ಕೆಟ್ಟ ವರ್ಷ ಬರುವುದು ಅಪರೂಪ. ಪೊಳ್ಳಾಚಿಗೆ ತೆಂಗು ಮತ್ತು ನಾರು, ಉಡುಮಲೈಪೇಟೆ ಪಲ್ಲಡಂ ಕಡೆಗೆ ಕೋಳಿ ಸಾಕಣೆ, ಕಾಂಗೇಯಕ್ಕೆ ಎಣ್ಣೆ ಗಿರಣಿಗಳು. ತಿರುಪ್ಪೂರಿನ ಕೇಂದ್ರಕ್ಕೆ ಕಷ್ಟ ಬಂದ ವರ್ಷ ಪೊಳ್ಳಾಚಿಯ ಹಣ ಅದನ್ನು ಉಳಿಸಬೇಕು. ಇಂಥ ಕೆಟ್ಟ ವರ್ಷಗಳಲ್ಲೇ ಕೆಲಸ ಕಳೆದುಕೊಂಡವರು ಹೊಸ ಕೆಲಸ ಕಲಿಯಲು ಬರುತ್ತಾರೆ ಎಂಬುದನ್ನು ಮರೆಯಬಾರದು. ಹಣ ಕಡಿಮೆಯಾಗುವುದೂ ಬೇಡಿಕೆ ಹೆಚ್ಚುವುದೂ ಒಂದೇ ತಿಂಗಳಲ್ಲಿ. ಆರು ತಿಂಗಳ ಖರ್ಚಿನಷ್ಟು ಹಣವನ್ನು ಮೀಸಲಾಗಿ ಇಟ್ಟುಕೊಳ್ಳುವುದು ಅದಕ್ಕೇ.

ಕಿರಿಯರು: ಈಗ ಹಣ ಕೊಡುವವರೂ ಕಾರ್ಮಿಕರು ಬೇಕಾದವರೂ ಒಬ್ಬರೇ ಎಂಬ ಆ ತೊಡಕಿಗೆ ಬರಬಹುದು. ಒಂದು ಗಾರ್ಮೆಂಟ್ ಕಂಪನಿ ಇಡೀ ತಂಡದ ಖರ್ಚು ಕೊಡುತ್ತೇನೆ, ಕಲಿತವರೆಲ್ಲ ನಮ್ಮಲ್ಲಿಗೇ ಬರಬೇಕು, ಎರಡು ವರ್ಷ ಬಿಟ್ಟುಹೋಗಬಾರದು ಎಂದರೆ?

ಹಿರಿಯರು: ಒಪ್ಪಬಾರದು. ಎಷ್ಟೇ ದೊಡ್ಡ ಮೊತ್ತವಾದರೂ ಒಪ್ಪಬಾರದು.

ಕಿರಿಯರು: ಕೆಲಸ ಖಚಿತ ಎಂದಾಗ ಕಲಿಯುವವರಿಗೂ ಒಳ್ಳೆಯದೇ ಅಲ್ಲವೇ? ಮನೆಯವರೂ ಅದನ್ನೇ ಕೇಳುತ್ತಾರೆ.

ಹಿರಿಯರು: ಕೆಲಸ ಖಚಿತವಾಗಿರುವುದು ಬೇರೆ, ಕೆಲಸಗಾರರನ್ನು ಕಟ್ಟಿಹಾಕುವುದು ಬೇರೆ. ಈ ಸೀಮೆಯ ನೂಲಿನ ಗಿರಣಿಗಳಲ್ಲಿ ಸುಮಂಗಲಿ ಎಂಬ ಹೆಸರಿನಲ್ಲಿ ನಡೆದದ್ದು ಎಲ್ಲರ ಎಚ್ಚರದಲ್ಲಿರಬೇಕು. ಬಡ ಮನೆಗಳ ಹದಿಹರೆಯದ ಹುಡುಗಿಯರನ್ನು ಮೂರು ವರ್ಷದ ಕರಾರಿನ ಮೇಲೆ, ತರಬೇತಿಯವರು ಎಂಬ ಹೆಸರು ಕೊಟ್ಟು, ಗಿರಣಿಯ ಹಾಸ್ಟೆಲ್‌ನಲ್ಲೇ ಇಟ್ಟು ದುಡಿಸಿದರು. ಕೊನೆಯಲ್ಲಿ ಒಂದು ಇಡುಗಂಟು, ಅದು ಮದುವೆಯ ಖರ್ಚಿಗೆ ಎಂಬ ಆಸೆ. ನಡುವೆ ಕಾಯಿಲೆಬಿದ್ದು ಮನೆಗೆ ಹೋದವರಿಗೆ ಆ ಗಂಟು ಸಿಗಲಿಲ್ಲ. ಹೊರಗೆ ಓಡಾಡುವ ಸ್ವಾತಂತ್ರ್ಯವೂ ಇರಲಿಲ್ಲ. 2011ರಲ್ಲಿ ನೆದರ್‌ಲೆಂಡ್ಸ್‌ನ ಸಂಶೋಧನಾ ಸಂಸ್ಥೆಗಳು ವರದಿ ಪ್ರಕಟಿಸಿದ ಮೇಲೆ ಹೊರದೇಶದ ಬ್ರ್ಯಾಂಡುಗಳೂ ಉತ್ತರ ಹೇಳಬೇಕಾಯಿತು. ಅಲ್ಲಿಯೂ ಮೊದಲು ಬಳಕೆಯಾದ ಮಾತು ತರಬೇತಿಯೇ. ಉಚಿತ ತರಬೇತಿ ಕೊಡುವ ಸಂಸ್ಥೆ ಹಣದಾಸೆಗೆ ಬಾಂಡ್ ಬರೆಸಿಕೊಂಡರೆ ಅದು ಕಾರ್ಮಿಕರನ್ನು ಒದಗಿಸುವ ದಲ್ಲಾಳಿಯಾಗುತ್ತದೆ.

ಕಾನೂನೂ ಇದೇ ಕಡೆಗಿದೆ. 2021ರಲ್ಲಿ ತಿದ್ದಿದ ಸಿಎಸ್‌ಆರ್ ನಿಯಮಗಳ ಪ್ರಕಾರ ಕಂಪನಿಯ ಮಾಮೂಲಿ ವ್ಯವಹಾರಕ್ಕೆ ಮಾಡಿದ ಖರ್ಚು, ತನ್ನ ನೌಕರರಿಗಾಗಿ ಮಾಡಿದ ಖರ್ಚು ಸಿಎಸ್‌ಆರ್ ಎನಿಸಿಕೊಳ್ಳುವುದಿಲ್ಲ. ತನಗೆ ಬೇಕಾದ ಆಳುಗಳನ್ನು ತಾನೇ ತಯಾರು ಮಾಡಿಕೊಳ್ಳಬೇಕೆಂದರೆ ಅದಕ್ಕೆ 1961ರ ಅಪ್ರೆಂಟಿಸ್ ಕಾಯ್ದೆಯ ದಾರಿ ಇದೆ. ಅಲ್ಲಿ ಸ್ಟೈಪೆಂಡ್ ಕೊಡುವ ಹೊಣೆಯೂ ಕಂಪನಿಯದೇ.

ಕಿರಿಯರು: ಹಾಗಾದರೆ ಹಣ ಕೊಟ್ಟ ಉದ್ಯಮಿಗೆ ಸಿಗುವುದೇನು?

ಹಿರಿಯರು: ಲೆಕ್ಕಪತ್ರ ನೋಡುವ ಹಕ್ಕು, ಯಾವಾಗ ಬೇಕಾದರೂ ಬಂದು ತರಗತಿ ನೋಡುವ ಹಕ್ಕು, ಏನು ಕಲಿಸಬೇಕು ಎಂಬುದರ ಬಗ್ಗೆ ಮಾತು. ಆ ಮಾತು ಬೆಲೆಬಾಳುವಂಥದ್ದು. ಯಾವ ಯಂತ್ರ ಹಳತಾಯಿತು, ಯಾವುದು ಬಂತು ಎಂದು ತಿಳಿದವರು ಅವರೇ. ಕೊನೆಯ ವಾರ ಕೇಂದ್ರಕ್ಕೆ ಬಂದು ಎಲ್ಲ ಕಂಪನಿಗಳ ಜೊತೆ ಸಾಲಿನಲ್ಲಿ ಕೂತು ಸಂದರ್ಶನ ಮಾಡಬಹುದು. ಸಂಬಳ, ಷಿಫ್ಟು, ಓವರ್‌ಟೈಮ್ ದರ, ಪಿಎಫ್, ಇಎಸ್‌ಐ, ಹಾಸ್ಟೆಲ್, ಬಸ್ಸು ಎಲ್ಲವನ್ನೂ ಬರೆದು ಗೋಡೆಗೆ ಅಂಟಿಸಬೇಕು. ಆರಿಸಿಕೊಳ್ಳುವವರು ಕಲಿತವರು. ಕೊಟ್ಟವರ ಕಂಪನಿಗೆ ಒಬ್ಬರೂ ಹೋಗದಿದ್ದರೆ ಏಕೆ ಎಂದು ಆ ಕಂಪನಿ ಯೋಚಿಸಬೇಕಾಗುತ್ತದೆ. ಅದೂ ಒಂದು ಲಾಭವೇ.

ಕಿರಿಯರು: ಹಣದ ಬದಲು ಯಂತ್ರ ಕೊಡುತ್ತೇವೆ ಎನ್ನುವವರಿರುತ್ತಾರೆ.

ಹಿರಿಯರು: ತಿರುಪ್ಪೂರಿನಲ್ಲಿ ಬಹಳ. ಓಡುವ ಸ್ಥಿತಿಯ ಓವರ್‌ಲಾಕ್, ಫ್ಲಾಟ್‌ಲಾಕ್ ಯಂತ್ರ ಬಂದರೆ ಸಂತೋಷದಿಂದ ಪಡೆಯಬೇಕು. ಮೂಲೆಗೆ ಬಿದ್ದದ್ದನ್ನು ತೆಗೆದುಕೊಂಡರೆ ರಿಪೇರಿ ಖರ್ಚು ಕೇಂದ್ರದ ತಲೆಗೆ. ಒಂದು ವಿಷಯ ಮೊದಲೇ ಹೇಳಿಬಿಡಬೇಕು: ಆದಾಯ ತೆರಿಗೆಯಲ್ಲಿ 80ಜಿ ಎಂದು ಹೆಸರಾದ ವಿನಾಯಿತಿ ಹಣದ ದೇಣಿಗೆಗೆ ಮಾತ್ರ, ವಸ್ತುವಿಗಲ್ಲ. ವಸ್ತುವಿಗೆ ಬೆಲೆ ಕಟ್ಟಿ ಸಿಎಸ್‌ಆರ್ ಖರ್ಚು ಎಂದು ತೋರಿಸುವುದಕ್ಕೂ ಅವಕಾಶವಿಲ್ಲ.

ಕಿರಿಯರು: ತೆರಿಗೆ, ನೋಂದಣಿಗಳ ವಿಷಯದಲ್ಲಿ ಇನ್ನೇನು ತಿಳಿದಿರಬೇಕು?

ಹಿರಿಯರು: ಸಿಎಸ್‌ಆರ್ ಹಣ ಪಡೆಯಲು ಸಂಸ್ಥೆಗೆ ಆದಾಯ ತೆರಿಗೆಯಲ್ಲಿ 12ಎ ಮತ್ತು 80ಜಿ ಎಂದು ಹೆಸರಾದ ನೋಂದಣಿ, ಇಂಥ ಕೆಲಸದಲ್ಲಿ ಮೂರು ವರ್ಷದ ಅನುಭವ, 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನೋಂದಣಿ ಇವು ಬೇಕು. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ 80ಜಿ ವಿನಾಯಿತಿ ಸಿಗುವುದಿಲ್ಲವಾದ್ದರಿಂದ ಬ್ಯಾಂಕ್ ಅಥವಾ ಯುಪಿಐ ಮೂಲಕವೇ ಪಡೆಯುವುದು ಲೇಸು. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಈ ವಿನಾಯಿತಿ ಇಲ್ಲ ಎಂಬುದನ್ನೂ ಮುಚ್ಚಿಡಬಾರದು. ತೆರಿಗೆ ಉಳಿಯುತ್ತದೆ ಎಂಬ ಒಂದೇ ಮಾತಿನ ಮೇಲೆ ನಿಂತ ಕೋರಿಕೆ ಇನ್ನು ಹೆಚ್ಚು ದಿನ ನಡೆಯದು.

ವಿದೇಶಿ ಹಣಕ್ಕೆ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಅಥವಾ ಮುಂಗಡ ಅನುಮತಿ ಬೇಕು. ಅದಿಲ್ಲದೆ ಹೊರದೇಶದ ಬಟ್ಟೆ ಕಂಪನಿಯ ಪ್ರತಿಷ್ಠಾನದಿಂದ ಅಲ್ಪ ಮೊತ್ತವನ್ನೂ ಪಡೆಯುವಂತಿಲ್ಲ. ಭಾರತೀಯ ಪಾಸ್‌ಪೋರ್ಟ್ ಇಟ್ಟುಕೊಂಡು ಹೊರಗೆ ದುಡಿಯುವವರು ತಮ್ಮ ಉಳಿತಾಯದಿಂದ ಕೊಟ್ಟದ್ದು ವಿದೇಶಿ ದೇಣಿಗೆ ಅಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟದ್ದು ವಿದೇಶಿ ದೇಣಿಗೆ. 2020ರ ತಿದ್ದುಪಡಿಯ ನಂತರ ಆ ಹಣವನ್ನು ಮತ್ತೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಆಡಳಿತಕ್ಕೆ ಶೇ 20ಕ್ಕಿಂತ ಹೆಚ್ಚು ಬಳಸುವಂತಿಲ್ಲ.

ಕಿರಿಯರು: ಷೇರುಪೇಟೆಯಲ್ಲೂ ಸೇವಾಸಂಸ್ಥೆಗಳು ಹಣ ಎತ್ತಬಹುದಂತೆ?

ಹಿರಿಯರು: ಹೌದು, ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜ್ ಎಂಬ ಏರ್ಪಾಡು. ಅದರಲ್ಲಿ ದೇಶದಲ್ಲೇ ಮೊದಲು ಪಟ್ಟಿಯಾದದ್ದು ಬೆಂಗಳೂರಿನ ಉನ್ನತಿ ಫೌಂಡೇಶನ್, 2023ರ ಡಿಸೆಂಬರ್‌ನಲ್ಲಿ. ಅದೂ ಯುವಜನರಿಗೆ ಉದ್ಯೋಗ ತರಬೇತಿ ಕೊಡುವ ಸಂಸ್ಥೆಯೇ. ಸುಮಾರು 1.8 ಕೋಟಿ ರೂಪಾಯಿ ಬಂತು. ಕೊಟ್ಟವರಿಗೆ ಬಡ್ಡಿಯೂ ಇಲ್ಲ, ಅಸಲೂ ಇಲ್ಲ; ಕೆಲಸ ನಡೆಯಿತೇ ಎಂಬ ಲೆಕ್ಕ ಮಾತ್ರ ಸಿಗುತ್ತದೆ. ಲೆಕ್ಕಪತ್ರ ಗಟ್ಟಿಯಾಗಿರುವ ದೊಡ್ಡ ಸಂಸ್ಥೆಗಳಿಗೆ ಇದು ತೆರೆದ ದಾರಿ.

ಕಿರಿಯರು: ಯಾವ ತಿಂಗಳಲ್ಲಿ ಯಾರನ್ನು ಕೇಳಬೇಕು ಎಂಬುದಕ್ಕೆ ಕ್ರಮವಿದೆಯೇ?

ಹಿರಿಯರು: ಇದೆ. ಕಂಪನಿಗಳು ಹೊಸ ಆರ್ಥಿಕ ವರ್ಷದ ಸಿಎಸ್‌ಆರ್ ಯೋಜನೆ ರೂಪಿಸುವ ಹೊತ್ತಿಗೆ ಪ್ರಸ್ತಾವ ಅವರ ಮೇಜಿನ ಮೇಲಿರಬೇಕು. ಜನವರಿ, ಫೆಬ್ರವರಿಯಲ್ಲೇ ಮಾತು ಶುರುವಾಗಬೇಕು. ಮಾರ್ಚ್ ಕೊನೆಯಲ್ಲಿ, ಉಳಿದ ಹಣ ಖರ್ಚು ಮಾಡಿಬಿಡಿ ಎಂದು ಬರುವ ಕರೆಗೆ ತರಾತುರಿಯಲ್ಲಿ ಹೂಂ ಎನ್ನಬಾರದು. ಒಂದು ವರ್ಷ ಮೀರಿ ನಡೆಯುವ ಯೋಜನೆಯಾದರೆ ಖರ್ಚಾಗದ ಹಣವನ್ನು ಕಂಪನಿಯೇ ಪ್ರತ್ಯೇಕ ಖಾತೆಯಲ್ಲಿಟ್ಟು ಮೂರು ವರ್ಷದೊಳಗೆ ಬಳಸಲು ಅವಕಾಶವಿದೆ ಎಂದು ಅವರಿಗೆ ನೆನಪಿಸಬಹುದು. ಚಿಕ್ಕ ಘಟಕಗಳನ್ನು ದೀಪಾವಳಿಗೆ ಮುಂಚೆ ಕೇಳಬಾರದು, ಬೋನಸ್ ಕೊಡಬೇಕಾದ ಹೊತ್ತದು, ಕಾರ್ಮಿಕರ ಪಾಲಿಗೆ ಅಡ್ಡ ಬರಬಾರದು. ಪೊಂಗಲ್ ಕಳೆದ ಮೇಲೆ ಒಳ್ಳೆಯ ಸಮಯ. ಆಯುಧಪೂಜೆಯ ದಿನ ಹಿಂದೆ ಕೇಂದ್ರದಲ್ಲಿ ಕಲಿತವರನ್ನೂ ಸಂಘದ ಸದಸ್ಯರನ್ನೂ ಒಟ್ಟಿಗೆ ಕರೆಯಬಹುದು. ಅಂದು ಹಣದ ಮಾತು ಬೇಡ.

ಕೋರಿಕೆ ಪತ್ರ ತಮಿಳಿನಲ್ಲೇ ಇರಬೇಕು ಎಂದು ಬೇರೆ ಹೇಳಬೇಕಾಗಿಲ್ಲ. ಕೊಯಮತ್ತೂರು ಸುತ್ತಿನಲ್ಲಿ ಕನ್ನಡ ಮನೆಮಾತಿನ ದೇವಾಂಗ ನೇಕಾರರು ತಲೆಮಾರುಗಳಿಂದ ನೆಲೆಸಿದ್ದಾರೆ. ಕೈಮಗ್ಗ ಬಿಟ್ಟು ಬೇರೆ ಕೆಲಸ ಹುಡುಕುವ ಅವರ ಮಕ್ಕಳು ಕೇಂದ್ರಕ್ಕೂ ಬರುತ್ತಾರೆ, ನೆಲೆ ಕಂಡ ಹಿರಿಯರು ಕೊಡುವವರ ಸಾಲಿನಲ್ಲೂ ಇರುತ್ತಾರೆ. ಮನೆಮಾತಿನಲ್ಲಿ ಕೇಳಿದರೆ ಅವರಿಗೆ ಹತ್ತಿರವಾಗುತ್ತದೆ.

ಕಿರಿಯರು: ಹಣ ಬಂದ ಮೇಲೆ?

ಹಿರಿಯರು: ರಸೀದಿ ಅಂದೇ ಕೊಡಬೇಕು. ತಂಡ ಮುಗಿದ ಮೇಲೆ ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ನಿಂತರು, ಆರು ತಿಂಗಳ ನಂತರ ಎಷ್ಟು ಮಂದಿ ಕೆಲಸದಲ್ಲಿದ್ದಾರೆ ಎಂಬ ಮೂರೂ ಅಂಕಿ ಬರೆದು ಕಳಿಸಬೇಕು, ಕೆಟ್ಟದಾಗಿದ್ದರೂ. ಒಬ್ಬರೇ ಅಭ್ಯರ್ಥಿಯನ್ನು ಸರ್ಕಾರದ ಯೋಜನೆಯ ಪಟ್ಟಿಯಲ್ಲೂ, ಒಂದು ಕಂಪನಿಯ ವರದಿಯಲ್ಲೂ, ಇನ್ನೊಂದರ ವರದಿಯಲ್ಲೂ ತೋರಿಸುವ ಚಾಳಿ ಈ ಕ್ಷೇತ್ರದ ದೊಡ್ಡ ರೋಗ. ಒಬ್ಬರ ಖರ್ಚನ್ನು ಇಬ್ಬರಿಂದ ಪಡೆಯುವುದು ಮೋಸ, ಬೇರೆ ಹೆಸರಿಲ್ಲ. ಪ್ರತಿಯೊಬ್ಬ ಅಭ್ಯರ್ಥಿಯ ಹೆಸರಿನ ಮುಂದೆ ಯಾರ ಹಣ ಎಂದು ಒಂದೇ ರಿಜಿಸ್ಟರಿನಲ್ಲಿ ಬರೆದಿಟ್ಟರೆ ಅದಕ್ಕೆ ಜಾಗವೇ ಇರುವುದಿಲ್ಲ.

ಅಭ್ಯರ್ಥಿಗಳ ಬಡತನವನ್ನು ಫೋಟೊ ಹಿಡಿದು ದಾನಿಗಳಿಗೆ ಕಳಿಸುವುದೂ ಬೇಡ. ಗಂಡ ಬಿಟ್ಟುಹೋದದ್ದು, ಸಾಲ, ಕಾಯಿಲೆ, ಇವೆಲ್ಲ ಕಲಿಯಲು ಬಂದವರು ನಂಬಿ ಹೇಳಿಕೊಂಡದ್ದು. ಅದನ್ನು ಮಾರಿ ಹಣ ತರುವ ಹಕ್ಕು ಯಾರಿಗೂ ಇಲ್ಲ. ಯಂತ್ರದ ಮುಂದೆ ಕೂತು ಕೆಲಸ ಮಾಡುತ್ತಿರುವ ಚಿತ್ರ, ಅವರ ಒಪ್ಪಿಗೆ ಪಡೆದು ತೆಗೆದದ್ದು, ಸಾಕು.

ಕಿರಿಯರು: ಹಣ ಕೂಡಿಸುವ ತಂಡವನ್ನು ನಡೆಸುವುದು ಹೇಗೆ? ಎಷ್ಟು ತಂದರೋ ಅದರ ಮೇಲೆ ಶೇಕಡಾವಾರು ಕೊಟ್ಟರೆ ಹುರುಪು ಬರುವುದಿಲ್ಲವೇ?

ಹಿರಿಯರು: ಹುರುಪು ಬರಬಹುದು, ಸುಳ್ಳೂ ಬರುತ್ತದೆ. ಕಮಿಷನ್ ಬೇಡ, ನಿಗದಿಯಾದ ಸಂಬಳ ಕೊಡಬೇಕು. ತರಬೇತುದಾರರ ಮೇಲೆ ದೇಣಿಗೆಯ ಗುರಿ ಹೇರಬಾರದು; ಅವರು ತರಗತಿಯಲ್ಲಿರಲಿ. ವಲಯದ ಮುಖ್ಯಸ್ಥರು ಮೊದಲ ಭೇಟಿಗೆ ತಾವೇ ಹೋಗಬೇಕು, ಜೊತೆಗೆ ಒಬ್ಬ ಕಿರಿಯರನ್ನು ಕರೆದೊಯ್ಯಬೇಕು. ಸಂಘದ ಹಿರಿಯ ಸದಸ್ಯರೊಬ್ಬರು ಬಂದರೆ ಇನ್ನೂ ಒಳ್ಳೆಯದು, ಏಕೆಂದರೆ ಇಲ್ಲಿ ಉದ್ಯಮಿಯ ಮಾತನ್ನು ಉದ್ಯಮಿ ನಂಬುತ್ತಾರೆ. ಕೇಂದ್ರ ಕಚೇರಿಯ ಜೊತೆ ಒಂದು ಒಪ್ಪಂದ ಬರಹದಲ್ಲಿರಬೇಕು: ಈ ಎರಡು ಜಿಲ್ಲೆಗಳಲ್ಲಿ ತರಬೇತಿಗೆಂದು ಬಂದ ಹಣದಲ್ಲಿ ಕಚೇರಿಯ ಖರ್ಚಿಗೆ ಎಷ್ಟು ಹೋಗುತ್ತದೆ ಎಂದು. ದಾನಿ ಕೇಳಿದರೆ ಆ ಅಂಕಿಯನ್ನು ಹಿಂಜರಿಯದೆ ಹೇಳಬೇಕು.

ಕಿರಿಯರು: ಮುಖ್ಯಸ್ಥರೇ ಕೆಲಸ ಬಿಟ್ಟರೆ? ದಾನಿಗಳ ಪರಿಚಯವೆಲ್ಲ ಅವರ ಫೋನಿನಲ್ಲೇ ಇರುತ್ತದೆ.

ಹಿರಿಯರು: ಇರಕೂಡದು. ಯಾರನ್ನು ಯಾವಾಗ ಭೇಟಿಯಾದದ್ದು, ಏನು ಕೇಳಿದ್ದು, ಅವರು ಏನು ಹೇಳಿದ್ದು, ಯಾವ ಷರತ್ತನ್ನು ನಿರಾಕರಿಸಿದ್ದು ಎಲ್ಲವೂ ಸಂಸ್ಥೆಯ ರಿಜಿಸ್ಟರಿನಲ್ಲಿ ಬರೆದಿರಬೇಕು. ನಿರಾಕರಿಸಿದ್ದನ್ನು ಬರೆಯುವುದು ಮುಖ್ಯ, ಇಲ್ಲವಾದರೆ ಅದೇ ಕಂಪನಿ ಅದೇ ಎರಡು ವರ್ಷದ ಬಾಂಡನ್ನು ಹಿಡಿದು ಹೊಸಬರ ಹತ್ತಿರ ಬರುತ್ತದೆ. ಹೊಸಬರು ಬಂದ ಮೊದಲ ತಿಂಗಳಲ್ಲೇ ಹಳಬರು ಅವರನ್ನು ಸಂಘದ ಕಚೇರಿಗಳಿಗೂ ದೊಡ್ಡ ದಾನಿಗಳ ಬಳಿಗೂ ಕರೆದೊಯ್ದು ಪರಿಚಯ ಮಾಡಿಸಿ, ರಿಜಿಸ್ಟರನ್ನು ಸಹಿ ಹಾಕಿಸಿಕೊಂಡು ಒಪ್ಪಿಸಬೇಕು.